ಕನ್ವರ್‌ಲಾಲನ ತೀರ್ಪಿಗೆ ಮೇಲ್ಮನವಿ ಇಲ್ಲ

ಚಿತ್ರಪಟದ ಕೆಲವು ಪಾತ್ರಗಳು ಪರದೆಯಿಂದ ಇಳಿದು ಜನರ ನಾಲಗೆಯ ಮೇಲೆ ನೆಲೆಸಿಬಿಡುತ್ತವೆ. ಕನ್ನಡದಲ್ಲಿ ಅಂಥ ಪಾತ್ರ ಕನ್ವರ್‌ಲಾಲ್. 1981ರಲ್ಲಿ ತೆರೆಕಂಡ ‘ಅಂತ’ ಚಿತ್ರದ ಈ ಪಾತ್ರಕ್ಕೆ ನಾಲ್ಕು ದಶಕಗಳು ಸಂದಿವೆ. ಅಂದು ಟಾಕೀಸಿನಲ್ಲಿ ಕುಳಿತು ಅದನ್ನು ನೋಡಿದವರು ಇಂದು ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೆ. ಆ ಮೊಮ್ಮಕ್ಕಳೂ ಮೊಬೈಲಿನಲ್ಲಿ ಅದೇ ದೃಶ್ಯಗಳನ್ನು ನೋಡಿ, ಅದೇ ಠೀವಿಯಿಂದ ಅದೇ ಮಾತನ್ನು ಆಡುತ್ತಾರೆ. ಗಡಿಯ ಈಚೆ ಸಾಂಗಲಿ-ಮಿರಜಗಳಲ್ಲಿ ನೆಲೆಸಿದ ನಾವೂ ಇದಕ್ಕೆ ಹೊರತಲ್ಲ. ನಮ್ಮ ಸ್ನೇಹಸಮ್ಮೇಳನಗಳಲ್ಲಿ ಹುಡುಗನೊಬ್ಬ ಎದೆಯುಬ್ಬಿಸಿ ನಿಂತು ಕನ್ವರ್‌ಲಾಲನ ಸಂಭಾಷಣೆ ಒಪ್ಪಿಸಿದರೆ ಸಿಳ್ಳೆಗಳಿಂದ ಮಂಟಪ ತುಂಬುತ್ತದೆ. ಅವನ ಹಿಂದಿನಿಂದ ಬಂದು ಕುಮಾರವ್ಯಾಸನನ್ನು ವಾಚಿಸುವ ಹುಡುಗಿಗೆ ಉಳಿದರ್ಧ ಚಪ್ಪಾಳೆ ಸಿಗುತ್ತದೆ.

ಈ ಸಿಳ್ಳೆಯ ಬಗ್ಗೆ ನನ್ನದೊಂದು ತಕರಾರಿದೆ. ಚಿತ್ರ ಕೆಟ್ಟದ್ದೆಂದು ನಾನು ಹೇಳಹೊರಟಿಲ್ಲ. ಅದು ಸಮರ್ಥವಾದ ಚಿತ್ರ. ಸಮರ್ಥವಾದುದರಿಂದಲೇ ಈ ಲೇಖನ ಬರೆಯಬೇಕಾಯಿತು. ‘ಕಾನೂನನ್ನು ಕೈಗೆತ್ತಿಕೊಂಡ ವೀರ’ ಎಂಬ ಕಲ್ಪನೆಯನ್ನು ನಾವು ರಂಜನೆಯೆಂದು ಮನೆಗೆ ಕರೆತಂದೆವು. ಈಗ ಅದು ನಮ್ಮ ಪಡಸಾಲೆಯಲ್ಲಿ ಯಜಮಾನನಂತೆ ಕುಳಿತು, ನ್ಯಾಯವೆಂದರೆ ಏನೆಂಬುದನ್ನು ನಮ್ಮ ಮಕ್ಕಳಿಗೆ ಬೋಧಿಸುತ್ತಿದೆ. ಪರನಾಡಿನಲ್ಲಿ ಅಲ್ಪಸಂಖ್ಯಾತರಾಗಿ ಬಾಳುವ ಕನ್ನಡಿಗರಂತೂ ಈ ಬೋಧೆಯನ್ನು ಕೇಳಿ ಸುಮ್ಮನಿರಲಾಗದು.

ಮೊದಲು ಚಿತ್ರಕ್ಕೆ ಸಲ್ಲಬೇಕಾದ ಗೌರವ ಸಲ್ಲಲಿ. ‘ಅಂತ’ ಎಚ್. ಕೆ. ಅನಂತರಾವ್ ಅವರ ಕಾದಂಬರಿಯನ್ನು ಆಧರಿಸಿದುದು. ನಿರ್ದೇಶಕರು ಎಸ್. ವಿ. ರಾಜೇಂದ್ರಸಿಂಗ್ ಬಾಬು. ಅಂಬರೀಷ್ ಅವರದು ದ್ವಿಪಾತ್ರ: ಪೋಲೀಸ್ ಅಧಿಕಾರಿ ಸುಶೀಲ್‌ಕುಮಾರ್ ಮತ್ತು ಅವನನ್ನೇ ಹೋಲುವ ದುಷ್ಟ ಕನ್ವರ್‌ಲಾಲ್. ದುಷ್ಟರ ಕೂಟವನ್ನು ಒಳಗಿನಿಂದ ಭೇದಿಸಲೆಂದು ಅಧಿಕಾರಿಯು ಕನ್ವರ್‌ಲಾಲನ ವೇಷ ತೊಡುತ್ತಾನೆ. ಗುಟ್ಟು ರಟ್ಟಾದ ಮೇಲೆ ಅವನೂ ಅವನ ಗರ್ಭಿಣಿ ಪತ್ನಿಯೂ ಅನುಭವಿಸುವ ಚಿತ್ರಹಿಂಸೆಯನ್ನು ಕಂಡು ಪ್ರೇಕ್ಷಕ ಬೆವರುತ್ತಾನೆ. ಕಾನೂನಿನ ದಾರಿ ಮುಚ್ಚಿತೆಂದು ಬಗೆದ ಆ ಅಧಿಕಾರಿ ಕೊನೆಗೆ ತಾನೇ ದಂಡಧರನಾಗುತ್ತಾನೆ. ‘ನಾಗರಹಾವು’ ಚಿತ್ರದ ಜಲೀಲನಾಗಿ 1972ರಲ್ಲಿ ಪರದೆಗೆ ಬಂದ ನಟ, ಈ ಚಿತ್ರದಿಂದ ನಾಡಿನ ಮನೆಮಾತಾದರು. ಅದೇ ವರ್ಷ ಅದೇ ನಿರ್ದೇಶಕರು ಜಿತೇಂದ್ರರನ್ನು ಮುಂದಿಟ್ಟುಕೊಂಡು ‘ಮೇರಿ ಆವಾಜ್ ಸುನೊ’ ಎಂದು ಹಿಂದಿಯಲ್ಲಿ ಇದೇ ಕಥೆಯನ್ನು ಹೇಳಿದರು. ಹೀಗೆ ಕನ್ನಡ ಬಾರದ ನಮ್ಮ ಮರಾಠಿ ನೆರೆಹೊರೆಯವರಿಗೂ ಈ ಕಥೆ ಪರಿಚಿತವಾಯಿತು. ಎರಡು ವರ್ಷಗಳ ತರುವಾಯ, 1983ರಲ್ಲಿ, ಅಂಬರೀಷರ ‘ಚಕ್ರವ್ಯೂಹ’ ಬಂದಿತು. ಅದೇ ಕಥೆ 1984ರಲ್ಲಿ ಹಿಂದಿಯ ‘ಇನ್‌ಕಿಲಾಬ್’ ಆಯಿತು. ಅದರಲ್ಲಿ ಮುಖ್ಯಮಂತ್ರಿಯ ಗಾದಿಗೇರಿದ ನಾಯಕ ತನ್ನ ಮಂತ್ರಿಮಂಡಲವನ್ನೇ ಗುಂಡಿಟ್ಟು ಕೊಲ್ಲುತ್ತಾನೆ.

ಆ ಕಾಲದ ಜನಕ್ಕೆ ಇದು ಏಕೆ ಹಿಡಿಸಿತು? 1975ರಿಂದ 1977ರವರೆಗಿನ ತುರ್ತುಪರಿಸ್ಥಿತಿಯನ್ನು ಅವರು ಕಂಡಿದ್ದರು. ಅದರ ತರುವಾಯ ಬಂದ ಸರಕಾರವೂ ಒಳಜಗಳದಲ್ಲಿ ಒಡೆದುದನ್ನು ಕಂಡಿದ್ದರು. ಕಳ್ಳಸಾಗಣೆದಾರನೂ ಪುಢಾರಿಯೂ ಒಂದೇ ಜೀಪಿನಲ್ಲಿ ಬಂದಿಳಿಯುವುದನ್ನು ದಿನವೂ ನೋಡುತ್ತಿದ್ದರು. ಬಡವನ ಖಟ್ಲೆ ತಾರೀಖಿನ ಮೇಲೆ ತಾರೀಖು ಕಾಣುತ್ತಿತ್ತು. ಅಂಥ ಜನರ ಮುಂದೆ, ಮಂತ್ರಿಯನ್ನೂ ಮಾಫಿಯಾವನ್ನೂ ಒಂದೇ ಏಟಿಗೆ ಉರುಳಿಸುವವನೊಬ್ಬ ಬಂದು ನಿಂತ. ಜನ ಎದ್ದು ನಿಂತು ಸಿಳ್ಳೆ ಹಾಕಿದರು. ಆ ಸಿಳ್ಳೆಯ ಹಿಂದೆ ನಿಜವಾದ ನೋವಿತ್ತು. ಆ ನೋವನ್ನು ನಾನು ಹಗುರಾಗಿ ಕಾಣಲಾರೆ.

ಆದರೆ ನೋವು ನಿಜವಾದ ಮಾತ್ರಕ್ಕೆ ಮದ್ದು ನಿಜವಾಗುವುದಿಲ್ಲ. ಇಂಥ ಚಿತ್ರಗಳು ನಮ್ಮನ್ನು ಒಪ್ಪಿಸುವ ಬಗೆಯನ್ನು ತುಸು ಪರೀಕ್ಷಿಸಿರಿ. ಅಪರಾಧ ನಡೆಯುವಾಗ ಕ್ಯಾಮೆರಾ ಅಲ್ಲಿರುತ್ತದೆ. ಅದರ ಜೊತೆಗೆ ನಾವೂ ಇರುತ್ತೇವೆ. ಯಾರು ಹಣ ಕೊಟ್ಟರು, ಯಾವ ಬಂಗಲೆಯಲ್ಲಿ ಸಂಚು ನಡೆಯಿತು, ಯಾರ ಕೈಯಲ್ಲಿ ಚೂರಿ ಇತ್ತು ಎಂಬುದೆಲ್ಲ ನಮ್ಮ ಕಣ್ಣೆದುರಿಗೆ ನಡೆದುಹೋಗಿರುತ್ತದೆ. ಚಿತ್ರಗುಪ್ತನ ಕಡತವನ್ನೇ ತಂದು ನಮ್ಮ ತೊಡೆಯ ಮೇಲಿಟ್ಟಂತೆ. ಇಷ್ಟಾದ ಮೇಲೆ ಸಾಕ್ಷಿ ಏತಕ್ಕೆ, ಪಾಟೀಸವಾಲು ಏತಕ್ಕೆ, ಆರೋಪಿಗೊಬ್ಬ ವಕೀಲ ಏತಕ್ಕೆ? ಎಲ್ಲವೂ ಕಾಲಹರಣವೆನಿಸುತ್ತವೆ. ನಾಯಕನ ಗುಂಡು ಎಂದೂ ನಿರಪರಾಧಿಗೆ ತಗಲುವುದಿಲ್ಲ. ಅವನು ಹಿಡಿದ ಕಳ್ಳ ಕಳ್ಳನೇ ಆಗಿರುತ್ತಾನೆ. ಕಥೆ ಬರೆದವನು ಹಾಗೆಂದು ಮೊದಲೇ ಗೊತ್ತುಮಾಡಿದ್ದಾನೆ. ಪ್ರೇಕ್ಷಕನಿಗೆ ಮೂರು ತಾಸು ಸರ್ವಜ್ಞತ್ವವನ್ನು ಸಾಲವಾಗಿ ಕೊಟ್ಟು, ಆ ಸಾಲದ ಬಲದ ಮೇಲೆ ಮರಣದಂಡನೆಗೆ ಸಹಿ ಹಾಕಿಸಿಕೊಳ್ಳುವುದೇ ಈ ಚಿತ್ರಗಳ ಕೌಶಲ. ಟಾಕೀಸಿನಿಂದ ಹೊರಗೆ ಬಂದ ಮೇಲೆ ಆ ಸರ್ವಜ್ಞತ್ವ ಇರುವುದಿಲ್ಲ. ಸಹಿ ಹಾಕುವ ಚಪಲ ಮಾತ್ರ ಉಳಿದುಬಿಡುತ್ತದೆ.

ಶಾಲೆ ನಡೆಸಿದವರಿಗೆಲ್ಲ ಇದು ಗೊತ್ತಿರುವ ಮಾತು. ತರಗತಿಯಲ್ಲಿ ಕಿಟಕಿಯ ಗಾಜು ಒಡೆದರೆ ನಲವತ್ತು ಬೆರಳುಗಳು ಒಬ್ಬನ ಕಡೆಗೇ ತಿರುಗುತ್ತವೆ. ಸಾಮಾನ್ಯವಾಗಿ ಅವನು ಹೊಸದಾಗಿ ಸೇರಿದ ಹುಡುಗನಾಗಿರುತ್ತಾನೆ, ಇಲ್ಲವೆ ಬೇರೆ ಮಾತಿನವನು, ಇಲ್ಲವೆ ಅಂಗಿ ಹರಿದವನು. ನಲವತ್ತು ಬೆರಳುಗಳೂ ಸುಳ್ಳು ಹೇಳುತ್ತಿರುವುದಿಲ್ಲ. ಅವು ಒಂದನ್ನೊಂದು ನೋಡಿ ತಿರುಗಿರುತ್ತವೆ, ಅಷ್ಟೆ. ಅದಕ್ಕೇ ಬೆತ್ತ ಎತ್ತುವ ಮೊದಲು ಎರಡೂ ಕಡೆಯ ಮಾತು ಕೇಳಬೇಕೆಂಬ ಪಾಠವನ್ನು ಮಾಸ್ತರರು ಮೊದಲು ಕಲಿಯುತ್ತಾರೆ. ಇಡೀ ನ್ಯಾಯಶಾಸ್ತ್ರದ ಬೀಜ ಇಷ್ಟರಲ್ಲಿದೆ.

ಈ ಬೀಜವನ್ನು ಮರೆತಾಗ ಏನಾಗುತ್ತದೆಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಉದಾಹರಣೆಯಿದೆ. 2022ರ ಸೆಪ್ಟೆಂಬರ್ 13ರಂದು ಜತ್ತ ತಾಲ್ಲೂಕಿನ ಲವಂಗಾ ಗ್ರಾಮದಲ್ಲಿ ಉತ್ತರ ಪ್ರದೇಶದಿಂದ ಬಂದ ನಾಲ್ವರು ಸಾಧುಗಳು ಸಿಕ್ಕಿಬಿದ್ದರು. ಬಿಜಾಪುರದ ಕಡೆಯಿಂದ ಪಂಢರಪುರಕ್ಕೆ ಹೊರಟಿದ್ದ ಅವರು ಒಬ್ಬ ಹುಡುಗನಿಗೆ ದಾರಿ ಕೇಳಿದರು. ಮಕ್ಕಳ ಕಳ್ಳರಿರಬಹುದೆಂದು ಯಾರಿಗೋ ಸಂದೇಹ ಬಂದಿತು. ಅವರ ಮಾತು ಇವರಿಗೆ ತಿಳಿಯಲಿಲ್ಲ. ಇವರ ಮಾತು ಅವರಿಗೆ ತಿಳಿಯಲಿಲ್ಲ. ಜನ ಸೇರಿದರು, ಬಡಿಗೆಗಳು ಬಂದವು. ಪೋಲೀಸರು ವಿಚಾರಿಸಿದಾಗ ಅವರು ನಿಜವಾಗಿಯೂ ಯಾತ್ರೆಗೆ ಹೊರಟ ಸಾಧುಗಳೆಂದು ತಿಳಿಯಿತು. ಪ್ರಾಣ ಉಳಿದುದೊಂದೇ ಪುಣ್ಯ.

ಇತರರಿಗೆ ಆ ಪುಣ್ಯವೂ ಒದಗಲಿಲ್ಲ. 2018ರ ಜುಲೈ 1ರಂದು ಧುಳೆ ಜಿಲ್ಲೆಯ ರೈನಪಾಡಾ ಎಂಬಲ್ಲಿ, ಸೋಲಾಪುರ ಜಿಲ್ಲೆಯ ಮಂಗಳವೇಢೆಯ ಕಡೆಯಿಂದ ಭಿಕ್ಷಾಟನೆಗೆ ಹೋಗಿದ್ದ ಗೋಸಾವಿ ಸಮಾಜದ ಐವರನ್ನು ಇದೇ ಸಂಶಯದ ಮೇಲೆ ಹೊಡೆದು ಕೊಂದರು. ಅದಾದ ಎರಡೇ ವಾರಗಳಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕಲೇಟು ಕೊಟ್ಟುದೇ ನೆಪವಾಗಿ, ಹೈದರಾಬಾದಿನ ತರುಣ ಇಂಜಿನಿಯರ್ ಒಬ್ಬನು ಜನರ ಕೈಯಲ್ಲಿ ಪ್ರಾಣ ಬಿಟ್ಟನು. ಈ ಮೂರು ಊರುಗಳಲ್ಲಿ ಕೈಯೆತ್ತಿದವರಾರೂ ತಮ್ಮನ್ನು ಕೊಲೆಗಡುಕರೆಂದು ಭಾವಿಸಿರಲಿಕ್ಕಿಲ್ಲ. ಮಕ್ಕಳನ್ನು ಕಾಯುವ ವೀರರೆಂದೇ ಭಾವಿಸಿದ್ದರು. ತಾವು ಅಪರಾಧವನ್ನು ಕಣ್ಣಾರೆ ಕಂಡಿದ್ದೇವೆಂಬ ಭಾವ ಅವರಿಗಿತ್ತು. ಅವರು ಕಂಡದ್ದು ಅವರ ಅಂಜಿಕೆಯನ್ನು. ಇಂಥ ಘಟನೆಗಳು ಸಾಲಾಗಿ ನಡೆದಾಗ, 2018ರ ಜುಲೈ 17ರಂದು, ಗುಂಪು ಹತ್ಯೆಗಳನ್ನು ತಡೆಯಲು ರಾಜ್ಯ ಸರಕಾರಗಳು ಕೈಗೊಳ್ಳಬೇಕಾದ ಕ್ರಮಗಳನ್ನು ಸರ್ವೋಚ್ಚ ನ್ಯಾಯಾಲಯವೇ ವಿಧಿಸಬೇಕಾಯಿತು.

ಹಳ್ಳಿಯ ಗುಂಪಿನ ಮಾತು ಬೇರೆ, ಸಿನಿಮಾದ ನಾಯಕ ಪೋಲೀಸ್ ಅಧಿಕಾರಿ ಎಂದು ಯಾರಾದರೂ ವಾದಿಸಬಹುದು. ಹಾಗಾದರೆ ‘ಅಂತ’ ಚಿತ್ರದ ಅಭಿಮಾನದಲ್ಲಿರುವ ಒಂದು ವಿಚಿತ್ರವನ್ನು ನೋಡಿರಿ. ಕಥೆಯ ನಾಯಕ ಸುಶೀಲ್‌ಕುಮಾರ್. ಹಿಂಸೆಯನ್ನು ಸಹಿಸಿದವನು ಅವನು, ಸಂಸಾರವನ್ನು ಕಳೆದುಕೊಂಡವನು ಅವನು. ಆದರೆ ಸುಶೀಲ್‌ಕುಮಾರನ ಹೆಸರನ್ನು ಯಾರು ಸ್ಮರಿಸುತ್ತಾರೆ? ಯಾವ ಹುಡುಗ ವೇದಿಕೆಯ ಮೇಲೆ ಬಂದು ತಾನು ಸುಶೀಲ್‌ಕುಮಾರನೆಂದು ಹೇಳುತ್ತಾನೆ? ನಾಲ್ವತ್ತು ವರ್ಷಗಳಿಂದ ನಾವು ಕೊಂಡಾಡುತ್ತ ಬಂದದ್ದು ಕನ್ವರ್‌ಲಾಲನನ್ನು, ಅಂದರೆ ಅಧಿಕಾರಿ ತೊಟ್ಟ ದುಷ್ಟನ ವೇಷವನ್ನು. ವೇಷ ಮನುಷ್ಯನನ್ನು ನುಂಗಿತು. ಪ್ರೇಕ್ಷಕ ವೇಷಕ್ಕೆ ಹಾರ ಹಾಕಿದನು. ಕಾನೂನಿನ ಕಾವಲುಗಾರನು ದುಷ್ಟನ ಉಡುಪು ತೊಟ್ಟು ದುಷ್ಟನ ರೀತಿಯಲ್ಲೇ ನಡೆದರೆ, ಕೊನೆಗೆ ಅವರಿಬ್ಬರನ್ನೂ ಬೇರ್ಪಡಿಸಿ ಹೇಳುವುದು ಹೇಗೆ? ಚಿತ್ರದ ಜನಪ್ರಿಯತೆಯೇ ಈ ಪ್ರಶ್ನೆಗೆ ಉತ್ತರ ಕೊಟ್ಟಿದೆ: ಬೇರ್ಪಡಿಸಲಾಗದು.

ಇದು ಬರಿಯ ಅಲಂಕಾರದ ಮಾತಲ್ಲ. 2017ರ ನವೆಂಬರದಲ್ಲಿ ನಮ್ಮ ಸಾಂಗಲಿ ನಗರದಲ್ಲೇ, ದರೋಡೆಯ ಆರೋಪದ ಮೇಲೆ ಹಿಡಿದು ತಂದ ತರುಣನೊಬ್ಬ ಪೋಲೀಸ್ ಕಸ್ಟಡಿಯಲ್ಲಿ ಸತ್ತನು. ಆರೋಪಿ ತಪ್ಪಿಸಿಕೊಂಡು ಓಡಿಹೋದನೆಂದು ಮೊದಲು ಹೇಳಲಾಯಿತು. ಆಮೇಲೆ ತಿಳಿದದ್ದು ಬೇರೆ: ಶವವನ್ನು ಆಂಬೋಲಿ ಘಟ್ಟದವರೆಗೆ ಒಯ್ದು ಸುಡಲಾಗಿತ್ತು. ಫೌಜದಾರನೂ ಅವನ ಸಂಗಡಿಗರೂ ಬಂಧಿತರಾದರು. ತನಿಖೆ ರಾಜ್ಯದ ಸಿಐಡಿಗೆ ಹೋಯಿತು. ಊರು ಕೊತಕೊತ ಕುದಿಯಿತು, ಜನ ಬೀದಿಗಿಳಿದರು. ಕುದಿಯಬೇಕಾದುದೇ. ಆದರೆ ನಾನು ಕೇಳುವುದಿಷ್ಟು: ಪರದೆಯ ಮೇಲೆ ಲಾಕಪ್ಪಿನಲ್ಲಿ ಆರೋಪಿಯನ್ನು ಬಡಿಯುವ ಫೌಜದಾರನಿಗೆ ಸಿಳ್ಳೆ ಹಾಕಿದ ಊರೂ ಇದೇ ಅಲ್ಲವೆ? ಹಿಡಿದು ತಂದವನು ನಿಜವಾಗಿ ಅಪರಾಧಿಯೋ ಅಲ್ಲವೋ ಎಂಬುದನ್ನು ಪರದೆಯ ಮೇಲೆ ನಾವು ಕೇಳಲಿಲ್ಲ. ನಮ್ಮ ಊರಿನ ಹುಡುಗ ಸತ್ತಾಗ ಮಾತ್ರ ಕೇಳಿದೆವು. ನ್ಯಾಯಾಧೀಶರು ಕೇಳುವವರೆಗೆ ಆ ಪ್ರಶ್ನೆ ಕಾದಿದ್ದರೆ ಅವನು ಬದುಕಿರುತ್ತಿದ್ದನು. ಬಂಧಿತನನ್ನು 24 ತಾಸುಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು ಸಂವಿಧಾನದ 22ನೆಯ ಅನುಚ್ಛೇದ ಹೇಳುತ್ತದೆ. ಸಿನಿಮಾದ ನಾಯಕನಿಗೆ ಅದೊಂದು ಅಡ್ಡಗೋಡೆ. ಬಡವನ ಮಗನಿಗೆ ಅದೇ ಏಕೈಕ ಛಾವಣಿ.

‘ಅಂತ’ ತೆರೆಗೆ ಬರುವುದಕ್ಕೆ ತುಸು ಮೊದಲು, 1979-80ರಲ್ಲಿ, ಬಿಹಾರದ ಭಾಗಲಪುರದಲ್ಲಿ ಪೋಲೀಸರು ವಿಚಾರಣಾಧೀನ ಕೈದಿಗಳ ಕಣ್ಣುಗಳನ್ನು ಚುಚ್ಚಿ ಆಮ್ಲ ಸುರಿದು ಕುರುಡರನ್ನಾಗಿಸಿದ್ದರು. ಆ ಕೃತ್ಯಕ್ಕೆ ‘ಗಂಗಾಜಲ’ವೆಂಬ ಹೆಸರು ಬೇರೆ. ಸುದ್ದಿ ಹೊರಬಿದ್ದಾಗ ಊರಿನ ಅನೇಕರು ಪೋಲೀಸರ ಪರವಾಗಿ ಬೀದಿಗಿಳಿದರು. ಕುರುಡಾದವರಲ್ಲಿ ಒಬ್ಬರ ಮೇಲೂ ಅಪರಾಧ ಆಗ ಸಾಬೀತಾಗಿರಲಿಲ್ಲ. ಅವರು ವಿಚಾರಣಾಧೀನರೆಂದರೆ ಅರ್ಥವೇ ಅದು. ಅದೇ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1981ರಲ್ಲಿ, ಬಡ ಆರೋಪಿಗೆ ಸರಕಾರದ ಖರ್ಚಿನಲ್ಲಿ ವಕೀಲನನ್ನು ಒದಗಿಸುವುದು ಕರ್ತವ್ಯವೆಂದು ಸಾರಿತು. ಒಂದೇ ವರ್ಷ ದೇಶಕ್ಕೆ ಎರಡು ಪಾಠಗಳು ದೊರೆತವು: ಒಂದು ನ್ಯಾಯಾಲಯದಿಂದ, ಇನ್ನೊಂದು ಟಾಕೀಸಿನಿಂದ. ಯಾವುದು ನೆನಪಿನಲ್ಲಿ ಉಳಿಯಿತೆಂದು ಹೇಳಬೇಕಾಗಿಲ್ಲ.

ತೀರ ಈಚಿನ ಮಾತು ತೆಗೆದುಕೊಳ್ಳೋಣ. 2019ರ ಡಿಸೆಂಬರ್ 6ರ ಬೆಳಗಿನಲ್ಲಿ, ಹೈದರಾಬಾದಿನ ಪಶುವೈದ್ಯೆಯ ಮೇಲಿನ ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಆರೋಪಿಗಳನ್ನು ಪೋಲೀಸರು ಗುಂಡಿಟ್ಟು ಕೊಂದರು. ಜನರು ಪೋಲೀಸರ ಮೇಲೆ ಹೂಮಳೆಗರೆದರು. ಆಗಿನ ಪೋಲೀಸ್ ಆಯುಕ್ತರು ಹುಬ್ಬಳ್ಳಿಯ ಕಡೆಯವರೆಂದು ನಮ್ಮವರು ಪೇಢೆ ಹಂಚಿ ಹಿಗ್ಗಿದರು. ಆ ಹೆಣ್ಣುಮಗಳಿಗಾದ ಅನ್ಯಾಯಕ್ಕೆ ಯಾರ ರಕ್ತ ಕುದಿಯಲಿಲ್ಲ? ಆದರೆ ಸರ್ವೋಚ್ಚ ನ್ಯಾಯಾಲಯವು ನೇಮಿಸಿದ ನ್ಯಾಯಮೂರ್ತಿ ವಿ. ಎಸ್. ಸಿರಪೂರಕರ ಆಯೋಗದ ವರದಿ 2022ರಲ್ಲಿ ಬಹಿರಂಗವಾದಾಗ, ಅದರಲ್ಲಿದ್ದ ಮಾತುಗಳನ್ನು ಎಷ್ಟು ಜನ ಓದಿದರು? ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಯಿತೆಂದೂ ಸತ್ತ ನಾಲ್ವರಲ್ಲಿ ಮೂವರು ಅಪ್ರಾಪ್ತ ವಯಸ್ಕರೆಂದೂ ಆಯೋಗ ಹೇಳಿತು. ಅವರು ಅಪರಾಧಿಗಳೇ ಇದ್ದಿರಬಹುದು. ಆದರೆ ಅದನ್ನು ಇನ್ನು ಸಾಬೀತುಪಡಿಸುವವರು ಯಾರು? ಆ ಹೆಣ್ಣುಮಗಳ ತಂದೆತಾಯಿಗಳಿಗೆ ಹೆಣಗಳು ಸಿಕ್ಕವು, ತೀರ್ಪು ಸಿಗಲಿಲ್ಲ. ನ್ಯಾಯಾಲಯ ತಪ್ಪಿದರೆ ಮೇಲಿನ ನ್ಯಾಯಾಲಯವಿದೆ. ಕನ್ವರ್‌ಲಾಲ ತಪ್ಪಿದರೆ ಎಲ್ಲಿಗೆ ಹೋಗುವುದು?

ಈಗ ಪ್ರತಿವಾದಗಳಿಗೆ ಬರುತ್ತೇನೆ. ನಮ್ಮ ಪುರಾಣಗಳೆಲ್ಲ ದುಷ್ಟಸಂಹಾರದ ಕಥೆಗಳೇ ಅಲ್ಲವೆ ಎನ್ನುವವರಿದ್ದಾರೆ. ಸಾಂಗಲಿಯಲ್ಲಿ ಕುಳಿತು ಈ ಪ್ರಶ್ನೆ ಕೇಳುವುದು ಉಚಿತವೇ. 1840ರ ದಶಕದ ಆರಂಭದಲ್ಲಿ ಉತ್ತರ ಕನ್ನಡದಿಂದ ಬಂದ ಭಾಗವತರ ಮೇಳವೊಂದು ಇಲ್ಲಿನ ಪಟವರ್ಧನ ಸಂಸ್ಥಾನಿಕರ ಮುಂದೆ ಆಟವಾಡಿತು. ಅದರ ಪ್ರೇರಣೆಯಿಂದ ವಿಷ್ಣುದಾಸ ಭಾವೆಯವರು 1843ರಲ್ಲಿ ‘ಸೀತಾಸ್ವಯಂವರ’ವನ್ನು ಆಡಿಸಿ ಮರಾಠಿ ರಂಗಭೂಮಿಗೆ ನಾಂದಿ ಹಾಡಿದರು. ಇದೇ ಸಾಂಗಲಿಯಲ್ಲಿ 1872ರಲ್ಲಿ ಜನಿಸಿದ ಕೃಷ್ಣಾಜಿ ಪ್ರಭಾಕರ ಖಾಡಿಲಕರರು 1907ರಲ್ಲಿ ‘ಕೀಚಕವಧ’ ನಾಟಕವನ್ನು ರಂಗಕ್ಕೆ ತಂದರು. ಕೀಚಕನಲ್ಲಿ ಪ್ರೇಕ್ಷಕರು ಲಾರ್ಡ್ ಕರ್ಜನನನ್ನು ಕಂಡರು. 1910ರಲ್ಲಿ ಬ್ರಿಟಿಷ್ ಸರಕಾರ ನಾಟಕವನ್ನು ನಿಷೇಧಿಸಿತು.

ಹಾಗಾದರೆ ಭೀಮನೂ ಕನ್ವರ್‌ಲಾಲನೂ ಒಂದೆಯೆ? ಕಥೆಯನ್ನು ಪೂರ್ತಿ ಓದಿದವರು ಹಾಗೆನ್ನರು. ದ್ರೌಪದಿ ಮೊದಲು ಹೋದದ್ದು ವಿರಾಟನ ಓಲಗಕ್ಕೆ. ತುಂಬಿದ ಸಭೆಯಲ್ಲಿ ಒದೆಸಿಕೊಂಡು ಅವಳು ದೂರಿಟ್ಟಳು. ಅರಸ ಬಾಯಿ ತೆರೆಯಲಿಲ್ಲ. ಅವಳು ಏರಬಹುದಾದ ಬೇರೊಂದು ಮೆಟ್ಟಿಲು ಆ ರಾಜ್ಯದಲ್ಲಿರಲಿಲ್ಲ. ಇಷ್ಟಾಗಿಯೂ ವ್ಯಾಸರು ಕೀಚಕನ ಸಾವಿಗೆ ಕಥೆಯನ್ನು ನಿಲ್ಲಿಸಿ ಮಂಗಳ ಹಾಡಲಿಲ್ಲ. ಮರುಕ್ಷಣವೇ ಉಪಕೀಚಕರು ಬಂದು ದ್ರೌಪದಿಯನ್ನು ಹೆಣದೊಂದಿಗೆ ಸುಡಲು ಕಟ್ಟಿ ಒಯ್ಯುತ್ತಾರೆ. ಭೀಮ ಇನ್ನೂ ನೂರೈದು ಮಂದಿಯನ್ನು ಕೊಲ್ಲಬೇಕಾಗುತ್ತದೆ. ಕೀಚಕ ಸತ್ತ ಸುದ್ದಿ ಹಸ್ತಿನಾವತಿಗೆ ಮುಟ್ಟಿ ಅಜ್ಞಾತವಾಸಕ್ಕೇ ಸಂಚಕಾರ ಬರುತ್ತದೆ. ಒಂದು ಕೊಲೆಯ ಹಿಂದೆ ಬರುವ ನೂರೈದು ಕೊಲೆಗಳನ್ನು ಮಹಾಕವಿ ಮುಚ್ಚಿಡಲಿಲ್ಲ. ನಮ್ಮ ಚಿತ್ರಪಟಗಳು ಕೀಚಕ ಬಿದ್ದೊಡನೆ ಪರದೆ ಎಳೆದು, ಪ್ರೇಕ್ಷಕನನ್ನು ಹರ್ಷದಿಂದ ಮನೆಗೆ ಕಳಿಸುತ್ತವೆ.

ಎರಡನೆಯ ಪ್ರತಿವಾದ ಇನ್ನೂ ಹತ್ತಿರದ್ದು. ಕ್ರಾಂತಿಸಿಂಹ ನಾನಾ ಪಾಟೀಲರ ಪ್ರತಿಸರಕಾರವನ್ನು ನಮ್ಮ ಜಿಲ್ಲೆ ಇಂದಿಗೂ ಪೂಜಿಸುತ್ತದೆ. 1943ರಿಂದ 1946ರವರೆಗೆ, ಆಗಿನ ಸಾತಾರಾ ಜಿಲ್ಲೆಯ ಹಳ್ಳಿಗಳಲ್ಲಿ, ಕುಂಡಲದಂಥ ಊರುಗಳನ್ನು ಕೇಂದ್ರವಾಗಿಸಿಕೊಂಡು ಅವರು ಬ್ರಿಟಿಷರಿಗೆ ಸಮಾನಾಂತರವಾದ ಆಡಳಿತ ನಡೆಸಿದರು. ಫಿತೂರಿಗಾರರಿಗೂ ಗೂಂಡಾಗಳಿಗೂ ಅಂಗಾಲಿಗೆ ಪೆಟ್ಟಿನ ಶಿಕ್ಷೆ. ‘ಪತ್ರಿ ಸರಕಾರ’ ಎಂಬ ಹೆಸರು ಜನರ ಬಾಯಲ್ಲಿ ಹುಟ್ಟಿದ್ದು ಅದರಿಂದ. ಇದು ಕಾನೂನನ್ನು ಕೈಗೆತ್ತಿಕೊಂಡದ್ದಲ್ಲವೆ? ಹೌದು. ಆದರೆ ಎರಡು ಮಾತು ಮರೆಯಬಾರದು. ಅಂದಿನ ಕಾನೂನು ಪರಕೀಯರದು. ಅದನ್ನು ಬದಲಿಸಲು ಜನರ ಕೈಯಲ್ಲಿ ಮತವಿರಲಿಲ್ಲ. ಪ್ರತಿಸರಕಾರವು ಹಳ್ಳಿಗಳಲ್ಲಿ ನ್ಯಾಯದಾನ ಮಂಡಳಿಗಳನ್ನು ಕಟ್ಟಿತು. ಪಂಚರು ಕುಳಿತು ವ್ಯಾಜ್ಯ ಕೇಳುವ ಏರ್ಪಾಡು ಅದರ ಹೆಮ್ಮೆಯಾಗಿತ್ತು. ಕಾನೂನು ನಮ್ಮದಾದ ಮೇಲೆ ಆ ವೀರರು ಏನು ಮಾಡಿದರೆಂಬುದನ್ನೂ ನೋಡಿರಿ. ನಾನಾ ಪಾಟೀಲರು 1957ರಲ್ಲಿ ಮತ ಕೇಳಿ ಲೋಕಸಭೆಗೆ ಹೋದರು. 1943ರ ಜುಲೈ 24ರಂದು ಸಾಂಗಲಿಯ ಜೈಲನ್ನು ಒಡೆದು ಹಾರಿದ ವಸಂತದಾದಾ ಪಾಟೀಲರು ಚುನಾವಣೆಯ ದಾರಿಯಿಂದ ಬಂದು 1977ರಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿಯಾದರು. ಗುಂಡಿಗೆ ಎದೆಯೊಡ್ಡಿದವರೇ ಬಂದೂಕು ಕೆಳಗಿಟ್ಟರು. ಎಂದೂ ಬಂದೂಕು ಹಿಡಿಯದ ನಾವು ಕುರ್ಚಿಯಲ್ಲಿ ಕುಳಿತು ಸಿಳ್ಳೆ ಹಾಕುತ್ತೇವೆ.

ಸ್ವತಃ ಅಂಬರೀಷರ ಬಾಳೂ ಇದನ್ನೇ ಹೇಳುತ್ತದೆ. ಪರದೆಯ ಮೇಲೆ ಪುಢಾರಿಗಳನ್ನು ಸಂಹರಿಸಿದ ಅವರು, ನಿಜ ಜೀವನದಲ್ಲಿ ಮಂಡ್ಯದಿಂದ ಮೂರು ಬಾರಿ ಲೋಕಸಭೆಗೆ ಆರಿಸಿ ಬಂದರು. ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯ ರಾಜ್ಯ ಸಚಿವರಾಗಿ, ಕಾವೇರಿ ತೀರ್ಪು ನಾಡಿಗೆ ಅನ್ಯಾಯ ಮಾಡಿತೆಂದು ಅನಿಸಿದಾಗ ರಾಜೀನಾಮೆಯ ಪತ್ರ ಬರೆದರು. ಅವರ ಪ್ರತಿಭಟನೆಯ ಆಯುಧ ಒಂದು ಕಾಗದ. ಅಭಿಮಾನಿಗಳು ಆ ಕಾಗದವನ್ನೂ ಸ್ಮರಿಸಿದರೆ ಒಳ್ಳೆಯದು.

ಮೂರನೆಯ ಪ್ರತಿವಾದವೇ ಎಲ್ಲಕ್ಕಿಂತ ಗಟ್ಟಿಯಾದುದು: ಕೋರ್ಟುಗಳು ನಿಧಾನ. ಇದನ್ನು ಅಲ್ಲಗಳೆಯುವವನು ಕೋರ್ಟಿನ ಮೆಟ್ಟಿಲು ಹತ್ತಿದವನಲ್ಲ. ದೇಶದ ನ್ಯಾಯಾಲಯಗಳಲ್ಲಿ ಇತ್ಯರ್ಥವಾಗದೆ ಉಳಿದ ಪ್ರಕರಣಗಳು 5 ಕೋಟಿಯನ್ನು ದಾಟಿವೆ. ಅಜ್ಜ ಹೂಡಿದ ದಾವೆಯ ತೀರ್ಪನ್ನು ಮೊಮ್ಮಗ ಕೇಳುವುದುಂಟು. ಆದರೆ ಬಾವಿಯಲ್ಲಿ ನೀರು ಕಡಿಮೆಯಾದರೆ ಬಾವಿಯನ್ನು ಆಳವಾಗಿ ತೋಡಬೇಕು. ಬಾವಿಗೆ ವಿಷ ಹಾಕುವುದಲ್ಲ. ಖಾಲಿ ಬಿದ್ದ ನ್ಯಾಯಾಧೀಶರ ಸ್ಥಾನಗಳನ್ನು ತುಂಬಿರೆಂದು ಕೇಳುವುದು, ಸಾಕ್ಷಿಗಳಿಗೆ ರಕ್ಷಣೆ ಕೇಳುವುದು, ಪೋಲೀಸರಿಗೆ ತನಿಖೆಯ ಸಾಧನಗಳನ್ನೂ ತರಬೇತಿಯನ್ನೂ ಕೇಳುವುದು ಬೇಸರದ ಕೆಲಸ. ಅದಕ್ಕೆ ಹಿನ್ನೆಲೆ ಸಂಗೀತವಿಲ್ಲ. ಕನ್ವರ್‌ಲಾಲನಿಗೆ ಹಾಕುವ ಪ್ರತಿ ಸಿಳ್ಳೆಯೂ ಈ ಬೇಸರದ ಕೆಲಸದಿಂದ ನಮ್ಮನ್ನು ಬಿಡುಗಡೆ ಮಾಡುತ್ತದೆ. ಯಾರೋ ಒಬ್ಬ ವೀರ ಬಂದು ಎಲ್ಲವನ್ನೂ ಸರಿಪಡಿಸುವನೆಂದು ನಂಬಿದವನು ಪಂಚಾಯಿತಿಯ ಸಭೆಗೂ ಹೋಗುವುದಿಲ್ಲ, ಸಾಕ್ಷಿ ಹೇಳಲು ಕಟಕಟೆಗೂ ಬರುವುದಿಲ್ಲ. ಪುಢಾರಿಗೆ ಇದಕ್ಕಿಂತ ಅನುಕೂಲದ ಪ್ರಜೆ ಇನ್ನಾರು?

ಇದೇ ವಸ್ತುವನ್ನು ಬೇರೆ ಬಗೆಯಲ್ಲಿ ಹೇಳಲು ಬರುವುದಿಲ್ಲವೆ? ಬರುತ್ತದೆ. ‘ಚಕ್ರವ್ಯೂಹ’ ಬಂದ 1983ರಲ್ಲೇ ಗೋವಿಂದ ನಿಹಲಾನಿಯವರ ‘ಅರ್ಧಸತ್ಯ’ ಬಂದಿತು. ಶ್ರೀ. ದಾ. ಪಾನವಲಕರರ ಮರಾಠಿ ಕಥೆ ‘ಸೂರ್ಯ’, ವಿಜಯ ತೆಂಡೂಲಕರರ ಚಿತ್ರಕಥೆ, ಓಂ ಪುರಿಯವರ ಅಭಿನಯ. ಅಲ್ಲಿಯೂ ಪ್ರಾಮಾಣಿಕ ಫೌಜದಾರನಿದ್ದಾನೆ, ಅಲ್ಲಿಯೂ ಪುಢಾರಿಯಾಗಹೊರಟ ಗೂಂಡಾ ಇದ್ದಾನೆ. ಆದರೆ ಆ ಫೌಜದಾರನ ಕೋಪಕ್ಕೆ ಮೊದಲು ಬಲಿಯಾಗುವವನು ಲಾಕಪ್ಪಿನ ಒಬ್ಬ ಸಣ್ಣ ಕಳ್ಳ. ಕೋಪ ಯಾವಾಗಲೂ ಎಟಕುವವನ ಮೇಲೆಯೇ ಮೊದಲು ಬೀಳುತ್ತದೆಂಬ ಸತ್ಯವನ್ನು ಆ ಚಿತ್ರ ಮುಚ್ಚಿಡುವುದಿಲ್ಲ. ಕೊನೆಗೆ ಗೂಂಡಾನನ್ನು ಕೊಂದ ಮೇಲೂ ಅವನು ವಿಜಯಿಯಾಗಿ ನಡೆದು ಹೋಗುವುದಿಲ್ಲ. ಠಾಣೆಗೆ ಬಂದು ತನ್ನನ್ನು ಒಪ್ಪಿಸಿಕೊಳ್ಳುತ್ತಾನೆ. ಪ್ರೇಕ್ಷಕನಿಗೆ ಸಿಳ್ಳೆ ಹಾಕಲು ಬಾಯಿ ಬರುವುದಿಲ್ಲ. ಅಮೆರಿಕೆಯಲ್ಲಿಯೂ ಹೀಗೊಂದು ಸಂಗತಿ ನಡೆದಿದೆ. ಬ್ರಯನ್ ಗಾರ್ಫೀಲ್ಡ್ ಎಂಬ ಲೇಖಕನ 1972ರ ಕಾದಂಬರಿ ‘ಡೆತ್ ವಿಶ್’ ಎರಡೇ ವರ್ಷಗಳಲ್ಲಿ ಚಿತ್ರವಾಗಿ, ಸ್ವತಃ ದಂಡಿಸಲು ಹೊರಟವನನ್ನು ವೀರನನ್ನಾಗಿಸಿತು. ತಾನು ಖಂಡಿಸಿದ್ದನ್ನೇ ಚಿತ್ರ ಕೊಂಡಾಡಿದ್ದು ಕಂಡು ಬೇಸತ್ತ ಆ ಲೇಖಕ, ಈ ದಾರಿ ಎಲ್ಲಿಗೂ ಒಯ್ಯದೆಂದು ತೋರಿಸಲು ಇನ್ನೊಂದು ಕಾದಂಬರಿಯನ್ನೇ ಬರೆದನು.

ಕಡೆಯದಾಗಿ, ಈ ಸಂಚಿಕೆಯನ್ನು ಓದುವ ನಮ್ಮ ಸಂಘದ ಕುಟುಂಬಗಳಿಗೆ ವಿಶೇಷವಾಗಿ ಒಂದು ಮಾತು. ನಾವು ಈ ನೆಲದಲ್ಲಿ ಯಾವುದರ ಬಲದಿಂದ ಕನ್ನಡಿಗರಾಗಿ ಉಳಿದಿದ್ದೇವೆ? ಸಂಖ್ಯಾಬಲದಿಂದಲ್ಲ. ಭಾಷೆ, ಲಿಪಿ, ಸಂಸ್ಕೃತಿಗಳನ್ನು ಉಳಿಸಿಕೊಳ್ಳುವ ಹಕ್ಕು ಸಂವಿಧಾನದ 29ನೆಯ ಅನುಚ್ಛೇದದಲ್ಲಿದೆ. ಸ್ವಂತ ಶಾಲೆ ನಡೆಸುವ ಹಕ್ಕು 30ರಲ್ಲಿದೆ. ಮಗುವಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣದ ಸೌಲಭ್ಯ 1956ರಲ್ಲಿ ಸೇರಿಸಿದ 350-ಎ ಅನುಚ್ಛೇದದಲ್ಲಿದೆ. ಗಡಿಯ ತಂಟೆ ಮಹಾಜನ ಆಯೋಗದ 1967ರ ವರದಿಯಿಂದಲೂ ತೀರದೆ, 2004ರಿಂದ ಸರ್ವೋಚ್ಚ ನ್ಯಾಯಾಲಯದಲ್ಲಿದೆ. ಅದು ಅಲ್ಲಿರುವುದರಿಂದಲೇ ನಾವು ನೆರೆಮನೆಯ ಮರಾಠಿ ಬಂಧುವಿನೊಂದಿಗೆ ಚಹಾ ಕುಡಿಯುತ್ತ ಕೂಡಬಲ್ಲೆವು. 2022ರ ಡಿಸೆಂಬರದಲ್ಲಿ ಅದು ಬೀದಿಗೆ ಬಂದಾಗ ಏನಾಯಿತು? ಅಲ್ಲಿ ಈ ಕಡೆಯ ಗಾಡಿಗಳಿಗೆ ಕಲ್ಲು, ಇಲ್ಲಿ ಆ ಕಡೆಯ ಬಸ್ಸುಗಳಿಗೆ ಮಸಿ. ಎರಡೂ ಕಡೆ ಕೈಯೆತ್ತಿದವರು ತಮ್ಮನ್ನು ವೀರರೆಂದೇ ತಿಳಿದಿದ್ದರು. ಮಧ್ಯೆ ಸಿಕ್ಕಿಕೊಂಡವರು ನಮ್ಮಂಥವರು.

ಗುಂಪು ನ್ಯಾಯಪೀಠದಲ್ಲಿ ಕುಳಿತಾಗ ಅದು ಕೇಳುವ ಮೊದಲ ಪ್ರಶ್ನೆ ‘ಏನು ಮಾಡಿದೆ?’ ಎಂಬುದಲ್ಲ, ‘ಎಲ್ಲಿಯವನು, ಯಾವ ಮಾತಿನವನು?’ ಎಂಬುದು. ಲವಂಗಾದ ಸಾಧುಗಳಿಗೆ ಬಿದ್ದ ಪೆಟ್ಟು ಅರ್ಧದಷ್ಟು ಭಾಷೆ ತಿಳಿಯದುದರ ಪೆಟ್ಟು. ಆ ಪ್ರಶ್ನೆಗೆ ತಪ್ಪು ಉತ್ತರ ಕೊಡುವ ಸರದಿ ಇನ್ನೊಂದು ಊರಿನಲ್ಲಿ ನಮ್ಮ ಮಕ್ಕಳದೂ ಆಗಬಹುದು. ಉದ್ಯೋಗಕ್ಕೆಂದು ಪುಣೆಗೋ ಹೈದರಾಬಾದಿಗೋ ದಿಲ್ಲಿಗೋ ಹೋಗಿರುವ ಮಗನನ್ನು ಅಪರಿಚಿತರು ಸುತ್ತುಗಟ್ಟಿದ ರಾತ್ರಿ, ಅವನಿಗೆ ಬೇಕಾದವನು ಕನ್ವರ್‌ಲಾಲನೋ, ಅಥವಾ ‘ತಡೆಯಿರಿ, ಮೊದಲು ಅವನ ಮಾತು ಕೇಳೋಣ’ ಎನ್ನುವ ಒಬ್ಬ ಸಾಮಾನ್ಯ ಫೌಜದಾರನೋ? ತಾಯಂದಿರು ಎದೆ ಮುಟ್ಟಿಕೊಂಡು ಹೇಳಲಿ.

ನಾನು ಯಾವ ಚಿತ್ರದ ನಿಷೇಧವನ್ನೂ ಕೇಳುತ್ತಿಲ್ಲ. ‘ಕೀಚಕವಧ’ವನ್ನು ನಿಷೇಧಿಸಿದವರ ಸಾಲಿನಲ್ಲಿ ನಿಲ್ಲುವ ಆಸೆ ನನಗಿಲ್ಲ. ‘ಅಂತ’ವನ್ನು ನೋಡಿರಿ, ಆದರೆ ಮಕ್ಕಳೊಂದಿಗೆ ಕುಳಿತು ನೋಡಿರಿ, ಮುಗಿದ ಮೇಲೆ ‘ಇವನು ಹಿಡಿದವನು ನಿರಪರಾಧಿಯಾಗಿದ್ದರೆ?’ ಎಂದು ಕೇಳಿರಿ. ಸಂಘವು ಅದನ್ನು ಪ್ರದರ್ಶಿಸುವುದಾದರೆ ಮರುವಾರ ‘ಅರ್ಧಸತ್ಯ’ವನ್ನೂ ಪ್ರದರ್ಶಿಸಲಿ, ನಮ್ಮಲ್ಲಿರುವ ವಕೀಲ ಬಂಧುಗಳು ಅರ್ಧ ತಾಸು ಮಾತಾಡಲಿ. ರಜೆಯಲ್ಲಿ ತರುಣರನ್ನು ಸಾಂಗಲಿಯ ಜಿಲ್ಲಾ ನ್ಯಾಯಾಲಯಕ್ಕೆ ಒಂದು ದಿನ ಕರೆದೊಯ್ದು ಒಂದು ಪಾಟೀಸವಾಲನ್ನು ಕೇಳಿಸಲಿ. ಬೇಸರವಾಗುತ್ತದೆ, ಒಪ್ಪುತ್ತೇನೆ. ಆ ಬೇಸರದಲ್ಲಿಯೇ ಅವರ ತಲೆ ಕಾಯುವ ನೆರಳಿದೆ. ವೇದಿಕೆಯ ಮೇಲಿನ ಹುಡುಗನಿಗೆ ಮುಂದಿನ ವರ್ಷ ಬೇರೊಂದು ಪಾತ್ರ ಕೊಡಿರಿ. ಕುಮಾರವ್ಯಾಸನನ್ನು ಓದಿದ ಹುಡುಗಿಗೆ ಪೂರ್ತಿ ಚಪ್ಪಾಳೆ ಕೊಡಿರಿ. ವಿರಾಟನ ಓಲಗದಲ್ಲಿ ನ್ಯಾಯ ಕೇಳಿದ ದ್ರೌಪದಿಯ ಮಾತನ್ನೇ ಅವಳು ಓದುತ್ತಿರಬಹುದು. ಓಲಗವು ಬಾಯಿ ತೆರೆಯುವಂತೆ ಮಾಡುವುದು ನಮ್ಮ ಕೆಲಸ. ಅದನ್ನು ಮಾಡಿದರೆ ಕನ್ವರ್‌ಲಾಲನಿಗೆ ಕೆಲಸ ಉಳಿಯುವುದಿಲ್ಲ.